ಮಧ್ಯಾಹ್ನದ ಕಥೆ ನಿಂತ ಮೇಲೆ

ಸಂಕ್ರಾಂತಿಯ ಮರುದಿನ ಮಂಡ್ಯದ ಬಳಿಯ ಚಿಕ್ಕಮ್ಮನ ಊರಿಗೆ ಹೋಗಿದ್ದೆ. ಊಟ ಮುಗಿದು, ಪಾತ್ರೆ ತೊಳೆದು ಬೋರಲು ಹಾಕಿ, ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತಾಗ ಗೋಡೆ ಗಡಿಯಾರದಲ್ಲಿ ಎರಡು ಗಂಟೆ ಐದು ನಿಮಿಷವಾಗಿತ್ತು. ಹಳೆಯ ಅಭ್ಯಾಸ, ಕೈ ತಾನಾಗಿ ರಿಮೋಟಿಗೆ ಹೋಯಿತು. ಪರದೆಯ ಮೇಲೆ ರೇಷ್ಮೆ ಸೀರೆಯುಟ್ಟ ಅತ್ತೆಯೊಬ್ಬಳು ಸೊಸೆಯನ್ನು ಹೊಸಿಲ ಹೊರಗೆ ನಿಲ್ಲಿಸಿ ಮಾತನಾಡುತ್ತಿದ್ದಳು. ಅವರೆಕಾಯಿ ಸುಲಿಯುತ್ತಿದ್ದ ಚಿಕ್ಕಮ್ಮ ತಲೆಯೆತ್ತಲೂ ಇಲ್ಲ. "ಅದು ನಿನ್ನೆ ರಾತ್ರೀದು ಕಣವ್ವ. ಈ ಹೊತ್ನಲ್ಲಿ ಹೊಸ್ದು ಏನೂ ಬರಾಕಿಲ್ಲ. ಆರಿಸ್ಬುಡು" ಎಂದರು. ಆರಿಸಿದೆ. ಆ ಮನೆಯಲ್ಲಿ, ಆ ಹೊತ್ತಿನಲ್ಲಿ, ಟಿವಿ ಆರಿಸು ಎಂಬ ಮಾತನ್ನು ಚಿಕ್ಕಮ್ಮನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಮೈಸೂರಿಗೆ ಮರಳುವ ಬಸ್ಸು ಶ್ರೀರಂಗಪಟ್ಟಣ ದಾಟಿದರೂ ಅದು ಮನಸ್ಸಿನಿಂದ ಹೋಗಲಿಲ್ಲ. ಮನೆಗೆ ಬಂದು ವಾರ ಕಳೆದರೂ ಹೋಗದೆ ಇರುವುದರಿಂದ ಇದನ್ನು ಬರೆಯಲು ಕುಳಿತಿದ್ದೇನೆ.

ಮೂವತ್ತು ವರ್ಷಗಳಿಂದ ಧಾರಾವಾಹಿಗಳನ್ನು ನೋಡುತ್ತ ಬಂದವಳು ನಾನು. ಧಾರಾವಾಹಿಗಳ ಕಾಲ ಮುಗಿಯಿತು ಎಂದರೆ ಯಾರೂ ಒಪ್ಪಲಾರರು, ಏಕೆಂದರೆ ಸಂಜೆ ಆರಕ್ಕೆ ಶುರುವಾದರೆ ರಾತ್ರಿ ಹತ್ತು ದಾಟುವವರೆಗೆ ಪ್ರತಿ ಚಾನೆಲ್ಲಿನಲ್ಲಿಯೂ ಒಂದರ ಬೆನ್ನಿಗೆ ಒಂದು ಬರುತ್ತಲೇ ಇವೆ. ನಾನು ಹೇಳುತ್ತಿರುವುದು ಮಧ್ಯಾಹ್ನದ ಧಾರಾವಾಹಿಯ ವಿಷಯ. ಗಂಡಸರು ಗದ್ದೆಗೋ ಆಫೀಸಿಗೋ ಹೋಗಿ, ಮಕ್ಕಳು ಇನ್ನೂ ಶಾಲೆಯಿಂದ ಬಾರದೆ, ಅಡುಗೆಮನೆಯ ಬಾಗಿಲನ್ನು ಒಂದೆರಡು ಗಂಟೆಯ ಮಟ್ಟಿಗೆ ಮುಂದಕ್ಕೆಳೆದ ಹೊತ್ತಿನಲ್ಲಿ, ಆ ಹೊತ್ತಿಗೆಂದೇ ಬರೆದು ಆ ಹೊತ್ತಿಗೆಂದೇ ಚಿತ್ರಿಸಿ ಪ್ರಸಾರ ಮಾಡುತ್ತಿದ್ದ ಕಥೆಗಳವು. ಈಗಲೂ ಒಂದೆರಡು ಚಾನೆಲ್‌ಗಳು ಆಗೊಮ್ಮೆ ಈಗೊಮ್ಮೆ ಹೊಸದೊಂದನ್ನು ಆ ವೇಳೆಗೆ ಹಾಕಿ ನೋಡುವುದುಂಟು. ಆದರೆ ಆ ಹೊತ್ತು ಈಗ ಮರುಪ್ರಸಾರದ ಹೊತ್ತು, ಡಬ್ಬಿಂಗ್ ಕಥೆಗಳ ಹೊತ್ತು. ಇಡೀ ದಿನದಲ್ಲಿ ನಮ್ಮ ಮನೆಗಳ ಹೆಂಗಸರು ತಮ್ಮದೆಂದು ಇಟ್ಟುಕೊಂಡಿದ್ದ ಒಂದೇ ಒಂದು ಬಿಡುವಿಗೆ ಹೊಸ ಕಥೆ ಬೇಕಿಲ್ಲವೆಂದು ಯಾರೋ ಲೆಕ್ಕ ಹಾಕಿ ತೀರ್ಮಾನಿಸಿದ್ದಾರೆ. ನನ್ನನ್ನು ಕಾಡುತ್ತಿರುವುದು ಆ ತೀರ್ಮಾನ.

ನಾನು ಕನ್ನಡ ಹೇಳಿದ ಶಾಂತಿ

1994ರಲ್ಲಿ ನಾನು ಮಂಡ್ಯದ ಕಾಲೇಜಿಗೆ ಸೇರಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಬೆಳಗಿನ ತರಗತಿ ಮುಗಿಸಿ, ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಬರುವ ಬಸ್ಸು ಹತ್ತಿ, ಊಟದ ಹೊತ್ತಿಗೆ ಮನೆ ಸೇರುತ್ತಿದ್ದೆ. ಆ ವರ್ಷವೇ ದೂರದರ್ಶನದಲ್ಲಿ ಮಧ್ಯಾಹ್ನದ ಹೊತ್ತು ದಿನವೂ ಬರುವ 'ಶಾಂತಿ' ಎಂಬ ಹಿಂದಿ ಧಾರಾವಾಹಿ ಶುರುವಾಯಿತು. ಅದಕ್ಕೆ ಮೊದಲು ವಾರಕ್ಕೊಮ್ಮೆ ಬರುತ್ತಿದ್ದ ಕಥೆಗಳಿಗೆ ಒಗ್ಗಿದ್ದ ನಮಗೆ ದಿನವೂ ಮುಂದುವರಿಯುವ ಕಥೆಯೆಂದರೆ ಪಕ್ಕದ ಮನೆಗೆ ಹೊಸ ಬಾಡಿಗೆದಾರರು ಬಂದಷ್ಟೇ ಕುತೂಹಲ. ಬೀದಿಯಲ್ಲಿದ್ದ ಮೂರು ಟಿವಿಗಳಲ್ಲಿ ಚಿಕ್ಕಮ್ಮನ ಮನೆಯದೂ ಒಂದು. ಎರಡು ಗಂಟೆಗೆ ಮೊದಲೇ ಆರೇಳು ಜನ ಬಂದು ಗೋಡೆಗೊರಗಿ ಕುಳಿತಿರುತ್ತಿದ್ದರು. ಅವರಲ್ಲಿ ಒಬ್ಬರಿಗೂ ಹಿಂದಿ ಬರುತ್ತಿರಲಿಲ್ಲ. ಶಾಲೆಯಲ್ಲಿ ಹಿಂದಿ ಓದಿದ್ದ ನಾನು ಟಿವಿಯ ಪಕ್ಕದಲ್ಲಿ ಕುಳಿತು, ಪ್ರತಿ ದೃಶ್ಯ ಮುಗಿದ ಕೂಡಲೇ ಇಂಥವರು ಇಂಥದ್ದು ಹೇಳಿದರು ಎಂದು ಕನ್ನಡದಲ್ಲಿ ಹೇಳಬೇಕಾಗಿತ್ತು.

ಮಂದಿರಾ ಬೇಡಿ ಮಾಡಿದ ಆ ಶಾಂತಿ ಪತ್ರಕರ್ತೆ. ಚಿತ್ರರಂಗದ ಇಬ್ಬರು ದೊಡ್ಡ ಮನುಷ್ಯರ ಜೀವನಕಥೆ ಬರೆಯುವ ನೆಪದಲ್ಲಿ ಅವರ ಬಂಗಲೆಗೆ ಹೋಗುತ್ತಾಳೆ. ಅವರು ತನ್ನ ತಾಯಿಯ ಮೇಲೆ ಅತ್ಯಾಚಾರ ಮಾಡಿದವರೆಂಬುದು ಅವಳಿಗೆ ಗೊತ್ತು. ಕಥೆ ಆ ಗುಟ್ಟಿಗೆ ಬಂದ ದಿನ ನನ್ನ ನಾಲಗೆ ತಡವರಿಸಿತು. ಹತ್ತೊಂಬತ್ತು ವರ್ಷದ ಹುಡುಗಿ, ಸುತ್ತ ಕುಳಿತವರು ಚಿಕ್ಕಮ್ಮನ ವಾರಗೆಯವರು, ಆ ಮಾತನ್ನು ಹೇಗೆ ಹೇಳಲಿ? ಕೊನೆಗೆ, "ಅವರಮ್ಮಂಗೆ ಕೆಟ್ಟದ್ದು ಮಾಡಿದೋರು ಇವರೇ ಅಂತೆ" ಎಂದೆ. ಮೂಲೆಮನೆಯ ಅತ್ತೆ ನನ್ನ ಮುಖವನ್ನೇ ನೋಡಿ, "ಗೊತ್ತಾಯ್ತು ಬುಡವ್ವ, ಆ ಹೆಂಗ್ಸು ಕಣ್ಣೇ ಹೇಳ್ತಾ ಐತೆ" ಎಂದರು. ಅದಾದ ಮೇಲೆ ಜಾಹೀರಾತು ಮುಗಿಯುವವರೆಗೆ ಯಾರೂ ಮಾತನಾಡಲಿಲ್ಲ. ಆಮೇಲೆ ಒಬ್ಬರು ತಮ್ಮ ತವರೂರಿನಲ್ಲಿ ನಡೆದ ಸಂಗತಿಯೊಂದನ್ನು ಮೆಲ್ಲಗೆ ಹೇಳತೊಡಗಿದರು. ಅದನ್ನು ನಾನು ಇಲ್ಲಿ ಬರೆಯಲಾರೆ. ಅಂಥ ಮಾತು ಆ ನಡುಮನೆಯಲ್ಲಿ ಸಂಜೆ ಏಳು ಗಂಟೆಗೆ, ಮಾವ, ಮೈದುನ, ಮಕ್ಕಳ ನಡುವೆ ಹೊರಬೀಳುವುದು ಸಾಧ್ಯವೇ ಇರಲಿಲ್ಲ ಎಂದು ಮಾತ್ರ ಹೇಳಬಲ್ಲೆ.

ಆಮೇಲೆ ಕನ್ನಡದ್ದೇ ಬಂದವು. ಉದಯ ಟಿವಿ 1994ರ ಜೂನ್‌ನಲ್ಲಿಯೇ ಶುರುವಾಗಿದ್ದರೂ ನಮ್ಮ ಬೀದಿಗೆ ಕೇಬಲ್ ಬರಲು ಇನ್ನೂ ಕೆಲವು ವರ್ಷ ಬೇಕಾಯಿತು. 1998ರಲ್ಲಿ ಟಿ. ಎನ್. ಸೀತಾರಾಮ್ ಮತ್ತು ಗೆಳೆಯರು ನಿರ್ದೇಶಿಸಿದ 'ಮಾಯಾಮೃಗ' ದೂರದರ್ಶನದಲ್ಲಿ ದಿನವೂ ಬರತೊಡಗಿದಾಗ, ದಿನದ ಕಥೆ ನಮ್ಮದೇ ಮಾತಿನಲ್ಲಿ, ನಮ್ಮದೇ ಮನೆಗಳಲ್ಲಿ ನಡೆಯಬಲ್ಲದು ಎಂಬುದು ಎಲ್ಲರಿಗೂ ತಿಳಿಯಿತು. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಬಂದ ಮೇಲಂತೂ ಆಯ್ದುಕೊಳ್ಳಲು ಬೇಕಾದಷ್ಟು ಕಥೆಗಳಿದ್ದವು. ಅಷ್ಟರಲ್ಲಿ ನಾನು ಮದುವೆಯಾಗಿ ಮೈಸೂರಿನ ಕುವೆಂಪುನಗರಕ್ಕೆ ಬಂದಿದ್ದೆ. ಚಿಕ್ಕಮ್ಮನ ಮನೆಯಲ್ಲಿ ಕನ್ನಡ ಹೇಳುವವರು ಬೇಕಿರಲಿಲ್ಲ. ರಜೆಗೆ ಹೋದಾಗ ನಾನೂ ಉಳಿದವರಂತೆ ಗೋಡೆಗೊರಗಿ ಕುಳಿತುಕೊಳ್ಳುತ್ತಿದ್ದೆ.

ಕಿವಿಗೆಂದು ಬರೆದ ಕಥೆ

ಮಧ್ಯಾಹ್ನದ ಧಾರಾವಾಹಿ ತೀರಾ ನಿಧಾನ, ಹೇಳಿದ್ದನ್ನೇ ಹೇಳುತ್ತದೆ ಎಂಬ ದೂರು ಮೊದಲಿನಿಂದಲೂ ಇದೆ. ಹಾಗೆ ದೂರುವವರು ಯಾರೂ ಅದನ್ನು ಹಿತಕವರೆ ಮಾಡುತ್ತ ನೋಡಿದವರಲ್ಲ. ಹಿಂದಿನ ರಾತ್ರಿ ನೆನೆಹಾಕಿದ ಅವರೆಕಾಳನ್ನು ಮುಂದಿಟ್ಟುಕೊಂಡು, ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ. ಸ್ವಲ್ಪ ಜೋರಾಗಿ ಒತ್ತಿದರೆ ಎದುರು ಕುಳಿತವರ ಸೀರೆಯ ಮೇಲೆ ಹಾರುತ್ತದೆ. ಎಂಟು ಜನರ ಸಾರಿಗೆ ಆಗುವಷ್ಟು ಹಿತುಕಬೇಕೆಂದರೆ ಒಂದು ಗಂಟೆಗೆ ಕಡಿಮೆಯಿಲ್ಲ. ಕಣ್ಣು ಕಾಳಿನ ಮೇಲಿರಲೇಬೇಕು, ಇಲ್ಲದಿದ್ದರೆ ಹುಳುಕು ಕಾಳು ಒಳಗೆ ಸೇರಿಹೋಗುತ್ತದೆ. ಟಿವಿಯತ್ತ ಇರುವುದು ಕಿವಿ ಮಾತ್ರ. ಕಥೆಯಲ್ಲಿ ಬಿಗಿಯಾದದ್ದೇನಾದರೂ ಬಂದರೆ ಆರೇಳು ಜೊತೆ ಕೈಗಳೂ ಒಟ್ಟಿಗೆ ನಿಧಾನವಾಗುತ್ತಿದ್ದವು, ಪಾತ್ರೆಗೆ ಬೇಳೆ ಬೀಳುವ ಸದ್ದು ನಿಲ್ಲುತ್ತಿತ್ತು, ಆಗಷ್ಟೇ ಎಲ್ಲರೂ ತಲೆಯೆತ್ತುತ್ತಿದ್ದರು. ಆ ಸದ್ದು ನಿಂತಿತೆಂದರೆ ಆ ದಿನದ ಕಂತು ಚೆನ್ನಾಗಿದೆ ಎಂದೇ ಅರ್ಥ.

ಮಧ್ಯಾಹ್ನಕ್ಕೆ ಬರೆಯುತ್ತಿದ್ದವರಿಗೆ ಇದು ಗೊತ್ತಿತ್ತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಪಾತ್ರಗಳು ಒಬ್ಬರನ್ನೊಬ್ಬರು ಹೆಸರು ಹಿಡಿದೋ ಸಂಬಂಧ ಹಿಡಿದೋ ಕರೆಯದೆ ಮಾತು ಶುರುಮಾಡುತ್ತಿರಲಿಲ್ಲ. "ನೋಡಿ ಅತ್ತಿಗೆ, ಅಣ್ಣ ಆಸ್ಪತ್ರೆಯಿಂದ ಬರುವವರೆಗೆ ಮನೆಪತ್ರದ ಮಾತು ಬೇಡ" ಎಂದು ಒಬ್ಬಳು ಹೇಳಿದರೆ, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವರಿಗೂ ಯಾರು ಯಾರಿಗೆ ಏನು ಹೇಳಿದರು, ನಿನ್ನೆ ಏನಾಗಿತ್ತು ಎಂಬುದು ಅಷ್ಟರಲ್ಲೇ ಸಿಗುತ್ತಿತ್ತು. ಮೌನವಾಗಿ ಮುಖಗಳನ್ನು ತೋರಿಸಿ ಮುಗಿಸುವ ದೃಶ್ಯಗಳು ಬಹಳ ಕಡಿಮೆ. ಈ ಪ್ರಕಾರ ಹುಟ್ಟಿದ್ದೇ ಕಿವಿಗಾಗಿ. ಅಮೆರಿಕದಲ್ಲಿ 1930ರ ದಶಕದಲ್ಲಿ, ಹಗಲು ಮನೆಗೆಲಸ ಮಾಡುತ್ತ ರೇಡಿಯೋ ಕೇಳುವ ಗೃಹಿಣಿಯರಿಗಾಗಿ ಸಾಬೂನಿನ ಕಂಪನಿಗಳು ಪ್ರಾಯೋಜಿಸಿದ ಕಥೆಗಳು ಇವು. ಸೋಪ್ ಆಪೆರಾ ಎಂಬ ಹೆಸರು ಬಂದದ್ದು ಹಾಗೆ. ಇರ್ನಾ ಫಿಲಿಪ್ಸ್ ಎಂಬ ಲೇಖಕಿ ರೂಪಿಸಿದ 'ಗೈಡಿಂಗ್ ಲೈಟ್' 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ 1952ರಲ್ಲಿ ಟಿವಿಗೆ ಬಂತು. ಅದು ಶುರುವಾಗುವುದಕ್ಕೆ ಎರಡು ವರ್ಷ ಮೊದಲು, 1935ರಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಇಲ್ಲೇ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಶುರುಮಾಡಿದ್ದರು. ಅಡುಗೆಮನೆಯ ಕಪಾಟಿನ ಮೇಲಿನ ರೇಡಿಯೋದಲ್ಲಿ ನಾಟಕ ಕೇಳುತ್ತ ಹುಳಿ ಕುದಿಸಿದ ಊರಿದು. ಕೈ ಕೆಲಸದಲ್ಲಿರುವಾಗ ಕಥೆ ಕೇಳುವುದು ನಮಗೆ ಟಿವಿ ಕಲಿಸಿದ ವಿದ್ಯೆಯಲ್ಲ.

ಕರೆಂಟು ಹೋದ ದಿನಗಳ ಮಾತು ಬೇರೆ. ಮಧ್ಯಾಹ್ನ ಕರೆಂಟು ಹೋಗುವುದು ಹಳ್ಳಿಯಲ್ಲಿ ಸಾಮಾನ್ಯವಾಗಿತ್ತು. ಮೂಲೆಮನೆಯ ಅತ್ತೆಯ ತಂಗಿಯನ್ನು ಕೊಟ್ಟಿದ್ದು ಮಂಡ್ಯ ಪೇಟೆಯಲ್ಲಿ. ಸಂತೆಗೆಂದೋ ಆಸ್ಪತ್ರೆಗೆಂದೋ ಪೇಟೆಗೆ ಹೋದಾಗ ಆ ತಂಗಿಯ ಮನೆಯಲ್ಲಿ ತಪ್ಪಿಹೋದ ಕಂತುಗಳ ಕಥೆಯನ್ನೆಲ್ಲ ಕೇಳಿಕೊಂಡು ಬಂದು, ಮರುದಿನ ನಮಗೆ ಹೇಳುತ್ತಿದ್ದರು. ಅವರು ಹೇಳುತ್ತಿದ್ದ ರೀತಿಯನ್ನು ನಾನು ಮರೆತಿಲ್ಲ. ಅತ್ತೆಯ ಪಾತ್ರ ಮಾತನಾಡುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದರು, ಸೊಸೆಯದ್ದಾದರೆ ಬಿಡುತ್ತಿದ್ದರು. ನಡುನಡುವೆ, "ನಾನಾಗಿದ್ರೆ ಆಗ್ಲೇ ತವರಿಗೆ ಹೊಂಟೋಯ್ತಿದ್ದೆ, ಇವ್ಳು ನೋಡು, ಕುಂತವ್ಳೆ" ಎಂದು ತಮ್ಮ ತೀರ್ಪನ್ನೂ ಸೇರಿಸುತ್ತಿದ್ದರು. ಒಮ್ಮೆ ಅವರು ಹೇಳಿದ ಕಂತನ್ನು ಮೈಸೂರಿನಲ್ಲಿ ನಾನು ನೋಡಿದ್ದೆ. ಟಿವಿಯಲ್ಲಿ ಆ ಸೊಸೆ ಅತ್ತು ಸುಮ್ಮನಾಗಿದ್ದಳು. ಮೂಲೆಮನೆಯ ಅತ್ತೆಯ ಕಥೆಯಲ್ಲಿ ಅವಳು ತಿರುಗಿ ಎರಡು ಮಾತು ಆಡಿದ್ದಳು, ಅದೂ ಬಹಳ ಒಳ್ಳೆಯ ಮಾತುಗಳು. ನಾನು ತಿದ್ದಲಿಲ್ಲ. ಅವು ಮೂವತ್ತು ವರ್ಷಗಳ ಹಿಂದೆ ಅವರು ತಮ್ಮ ಅತ್ತೆಗೆ ಹೇಳಬೇಕೆಂದಿದ್ದು ಹೇಳದೆ ಉಳಿದ ಮಾತುಗಳೆಂದು ಚಿಕ್ಕಮ್ಮ ಆಮೇಲೆ ನನಗೆ ಹೇಳಿದರು.

ಅಲ್ಲಿ ನಡೆದದ್ದು

ಮೈಸೂರಿಗೆ ಕೇಬಲ್ ಬಂದ ಹೊಸದರಲ್ಲಿ ಸ್ಟಾರ್ ಪ್ಲಸ್ಸಿನಲ್ಲಿ 'ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್', 'ಸಾಂತಾ ಬಾರ್ಬರಾ' ಬರುತ್ತಿದ್ದವು. ಅಲ್ಲಿಂದಲೇ ನನಗೆ ಅಮೆರಿಕದ ಹಗಲು ಧಾರಾವಾಹಿಗಳ ಮೇಲೆ ಆಸಕ್ತಿ ಹುಟ್ಟಿತು. ಹಾಗಾಗಿ ಅವು ಒಂದೊಂದಾಗಿ ನಿಂತುಹೋದಾಗ ದೂರದ ನೆಂಟರ ಮನೆಯ ಸುದ್ದಿ ಕೇಳಿದಂತೆ ಓದಿದ್ದೆ. ರೇಡಿಯೋ, ಟಿವಿ ಸೇರಿ 72 ವರ್ಷ ನಡೆದ 'ಗೈಡಿಂಗ್ ಲೈಟ್' 2009ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 1956ರಿಂದ ಬರುತ್ತಿದ್ದ 'ಆ್ಯಸ್ ದಿ ವರ್ಲ್ಡ್ ಟರ್ನ್ಸ್' 2010ರಲ್ಲಿ, 1970ರಿಂದ ಬರುತ್ತಿದ್ದ 'ಆಲ್ ಮೈ ಚಿಲ್ಡ್ರನ್' 2011ರಲ್ಲಿ, 1968ರಿಂದ ಬರುತ್ತಿದ್ದ 'ಒನ್ ಲೈಫ್ ಟು ಲಿವ್' 2012ರ ಜನವರಿಯಲ್ಲಿ ನಿಂತವು. 'ಆಲ್ ಮೈ ಚಿಲ್ಡ್ರನ್' ಬರುತ್ತಿದ್ದ ವೇಳೆಗೆ ಅಡುಗೆ ಮತ್ತು ಹರಟೆಯ ಕಾರ್ಯಕ್ರಮವೊಂದು ಬಂತು. 1965ರಿಂದ ಟಿವಿಯಲ್ಲಿದ್ದ 'ಡೇಸ್ ಆಫ್ ಅವರ್ ಲೈವ್ಸ್' 2022ರಲ್ಲಿ ಟಿವಿ ಬಿಟ್ಟು ಅಂತರ್ಜಾಲಕ್ಕೆ ಹೋಯಿತು.

ಇವುಗಳ ಕಾರಣ ಓದುವಾಗ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. 1995ರಲ್ಲಿ ಅಲ್ಲಿನ ಫುಟ್‌ಬಾಲ್‌ನ ಮಾಜಿ ತಾರೆ ಒ. ಜೆ. ಸಿಂಪ್ಸನ್ ಮೇಲಿನ ಕೊಲೆ ಆರೋಪದ ವಿಚಾರಣೆ ಹಗಲು ಹೊತ್ತು ತಿಂಗಳುಗಟ್ಟಲೆ ನೇರಪ್ರಸಾರವಾದಾಗ ಧಾರಾವಾಹಿಗಳ ವೇಳೆಯೆಲ್ಲ ಅಸ್ತವ್ಯಸ್ತವಾಯಿತು. ವಿಚಾರಣೆ ಮುಗಿದ ಮೇಲೆ ಧಾರಾವಾಹಿ ಮರಳಿದರೂ ನೋಡುತ್ತಿದ್ದವರೆಲ್ಲ ಮರಳಲಿಲ್ಲ. ದಿನವೂ ನೋಡುವುದು ಒಂದು ರೂಢಿ, ಹಾಲಿಗೆ ಹೆಪ್ಪು ಹಾಕಿದಂತೆ. ಒಂದು ದಿನದ್ದು ಮರುದಿನಕ್ಕೆ ಉಳಿದರೆ ತಾನೆ ಮುಂದಿನದು? ನಮ್ಮಲ್ಲಿ ಹೆಪ್ಪು ತಪ್ಪಿದ್ದು 2020ರ ಮಾರ್ಚ್‌ನಲ್ಲಿ. ಲಾಕ್‌ಡೌನ್‌ ಆಗಿ ಚಿತ್ರೀಕರಣ ನಿಂತಿತು, ಚಾನೆಲ್‌ಗಳ ಕೈಯಲ್ಲಿದ್ದ ಕಂತುಗಳು ಮುಗಿದವು, ಹಳೆಯವು ಬರತೊಡಗಿದವು. ಕನ್ನಡ ಚಿತ್ರರಂಗ ದಶಕಗಳ ಕಾಲ ದೂರವಿಟ್ಟಿದ್ದ ಡಬ್ಬಿಂಗ್‌ಗೆ ಮನೆಮನೆಯ ಟಿವಿಯಲ್ಲಿ ಬಾಗಿಲು ಪೂರ್ತಿ ತೆರೆದದ್ದೂ ಆಗಲೇ. ಹಿಂದಿಯ 'ಮಹಾಭಾರತ' ಧಾರಾವಾಹಿ ಕನ್ನಡ ಮಾತನಾಡುತ್ತ ಬಂದಾಗ ಚಿಕ್ಕಮ್ಮನೂ ಕೈಮುಗಿದು ನೋಡಿದರು, ನಾನೂ ನೋಡಿದೆ. ಪುರಾಣದ ಅರಮನೆ ಯಾವ ಭಾಷೆಯದಾದರೂ ನಡೆಯುತ್ತದೆ. ಆದರೆ ಅದರ ಬೆನ್ನಿಗೆ ಬಂದ ಮನೆತನದ ಕಥೆಗಳಲ್ಲಿ ಬೈತಲೆಗೆ ಸಿಂಧೂರವಿಟ್ಟ ಸೊಸೆ ಜರಡಿಯಲ್ಲಿ ಚಂದ್ರನನ್ನು ನೋಡುತ್ತಾಳೆ, ಅಡುಗೆಮನೆಯಲ್ಲಿ ಒಂದು ದಿನವೂ ಮುದ್ದೆ ತಿರುವುವುದಿಲ್ಲ, ತುಟಿ ಒಂದು ಹೇಳಿದರೆ ಕಿವಿಗೆ ಇನ್ನೊಂದು ಬರುತ್ತದೆ. ಕಿವಿಯಿಂದಲೇ ಕಥೆ ಹಿಡಿಯುವವರಿಗೆ ಆ ಮಾತಿನಲ್ಲಿ ಯಾವ ಊರೂ ಕೇಳಿಸುವುದಿಲ್ಲ.

ಎರಡು ಗಂಟೆಗೆ ಮನೆಯಲ್ಲಿ ಯಾರಿದ್ದಾರೆ

ಚಾನೆಲ್ಲಿನವರ ಲೆಕ್ಕವೂ ನನಗೆ ಅರ್ಥವಾಗುತ್ತದೆ. ಮಧ್ಯಾಹ್ನಕ್ಕೆ ಬರುವ ಕಂತಿಗೂ ರಾತ್ರಿ ಎಂಟಕ್ಕೆ ಬರುವ ಕಂತಿಗೂ ಕಲಾವಿದರ ದಿನಗೂಲಿ, ಚಿತ್ರೀಕರಣದ ಮನೆಯ ಬಾಡಿಗೆ, ಲೈಟು, ಜನರೇಟರ್, ಊಟ, ಎಲ್ಲ ಖರ್ಚೂ ಇದ್ದೇ ಇರುತ್ತದೆ. ಜಾಹೀರಾತಿನ ದುಡ್ಡು ಬರುವುದು ಮಾತ್ರ ರಾತ್ರಿಯದಕ್ಕೆ. 2015ರಿಂದ, ಯಾವುದನ್ನು ಎಷ್ಟು ಜನ ನೋಡಿದರೆಂದು ಅಳೆಯುವ ಬಾರ್ಕ್ ಸಂಸ್ಥೆ ಕೊಡುವ ವಾರದ ಟಿಆರ್‌ಪಿಯ ಮೇಲೆ ಒಂದು ಕಥೆಯ ಆಯುಷ್ಯ ನಿಂತಿದೆ. ರಾತ್ರಿಯ ಕಂತನ್ನೇ ಮರುದಿನ ಹಾಕಿದರೆ ಖರ್ಚೇ ಇಲ್ಲ. ಲೆಕ್ಕ ಸರಿಯಾಗಿಯೇ ಇದೆ. ಹೀಗೆ ಕಥೆಗಳೆಲ್ಲ ರಾತ್ರಿಗೆ ಹೋಗಿ ಒತ್ತಾಗಿ ಸೇರಿದ್ದರಿಂದ ಅವುಗಳ ಸ್ವಭಾವ ಕೆಟ್ಟಿತು ಎಂಬುದು ಮಾತ್ರ ನನ್ನ ದೂರು. ರಾತ್ರಿ ಎಂಟಕ್ಕೆ ನಾಲ್ಕು ಚಾನೆಲ್‌ಗಳು ಒಂದೇ ನಡುಮನೆಗಾಗಿ ಕಾದಾಡುವಾಗ ಮೆಲ್ಲಗೆ ಮಾತನಾಡುವ ಕಥೆ ಬಾಳಲಾರದು. ಒಂದು ಮಾತಿಗೆ ಮೂರು ಸಲ ಮುಖವನ್ನು ಹತ್ತಿರ ತಂದು ತೋರಿಸಿ, ಗುಡುಗಿನ ಸದ್ದು ಮಾಡಿ, ವಿಷ ಹಾಕಿದ ಹಾಲಿನ ಲೋಟವನ್ನು ವಾರವಿಡೀ ಕೈಯಿಂದ ಕೈಗೆ ದಾಟಿಸಬೇಕಾಗುತ್ತದೆ. ಅಣ್ಣನ ಆಸ್ಪತ್ರೆಯ ಖರ್ಚಿಗೆ ಮನೆಪತ್ರ ಅಡವಿಡುವುದೋ ಬೇಡವೋ ಎಂದು ಇಬ್ಬರು ಓರಗಿತ್ತಿಯರು ಅಡುಗೆಮನೆಯಲ್ಲಿ ಹತ್ತು ನಿಮಿಷ ಮಾತನಾಡುವ ದೃಶ್ಯವನ್ನು ನಾನು ನೋಡಿ ಎಷ್ಟೋ ವರ್ಷವಾಯಿತು. ಅಂಥ ದೃಶ್ಯಗಳಲ್ಲಿ ನಟಿಯರು ನಿಜವಾಗಿ ನಟಿಸುತ್ತಿದ್ದರು.

ಇನ್ನೊಂದು ಕಾರಣವಿದೆ, ಅದರ ವಿಷಯದಲ್ಲಿ ನನಗೆ ದೂರಿಲ್ಲ. ಎರಡು ಗಂಟೆಗೆ ಮನೆಯಲ್ಲಿ ಹೆಂಗಸರಿಲ್ಲ. ಮೂಲೆಮನೆಯ ಅತ್ತೆ ತೀರಿಕೊಂಡು ಹತ್ತು ವರ್ಷವಾಯಿತು. ಅವರ ಸೊಸೆ ಬೆಳಿಗ್ಗೆ ಊರ ಬಾಗಿಲಿಗೆ ಬರುವ ಗಾರ್ಮೆಂಟ್ಸ್ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮನೆಯಲ್ಲೇ ಇರುವವರೂ ಆಸ್ಪತ್ರೆಗೆ, ಬ್ಯಾಂಕಿಗೆ, ಮಗಳ ಮನೆಗೆ ಯಾರನ್ನೂ ದುಡ್ಡು ಕೇಳದೆ ಹೋಗಿಬರುತ್ತಾರೆ. ಇದು ಒಳ್ಳೆಯದು. ಮಧ್ಯಾಹ್ನದ ಧಾರಾವಾಹಿ ಉಳಿಯಲೆಂದು ಯಾವ ಹೆಣ್ಣುಮಗಳೂ ಮನೆಯಲ್ಲಿ ಕುಳಿತಿರಬೇಕೆಂದು ನಾನು ಬಯಸಲಾರೆ. ನಾನೂ ಮಗ ಮೂರನೆಯ ತರಗತಿಗೆ ಬಂದ ಮೇಲೆ ಕೆಲಸಕ್ಕೆ ಸೇರಿದವಳೇ. ಆಗ ಭಾನುವಾರದ ಮರುಪ್ರಸಾರದಲ್ಲಿ ಉಳಿದದ್ದನ್ನು ನೋಡಿಕೊಳ್ಳುತ್ತಿದ್ದೆ. ಆ ಸೊಸೆಯೂ ಧಾರಾವಾಹಿ ನೋಡುತ್ತಾಳೆ. ಸಂಜೆ ಬಸ್ಸಿನಲ್ಲಿ, ಕಿವಿಗೆ ಇಯರ್‌ಫೋನ್‌ ಸಿಕ್ಕಿಸಿಕೊಂಡು, ಮೊಬೈಲಿನಲ್ಲಿ. ಒಂದು ದಿನ ಅದೇ ಬಸ್ಸಿನಲ್ಲಿ ಬರುವ ಗೆಳತಿಯರೂ ಅದನ್ನೇ ನೋಡುತ್ತಾರೆಯೇ ಎಂದು ಕೇಳಿದ್ದೆ. "ನೋಡ್ತಾರೇನೋ ಅಕ್ಕ, ಗೊತ್ತಿಲ್ಲ. ಅವರವರದು ಅವರವರ ಫೋನಲ್ಲಿ" ಎಂದಳು. ಅವಳ ಅತ್ತೆ ಸೆರಗು ಸಿಕ್ಕಿಸಿಕೊಂಡು ಇಡೀ ಬೀದಿಗೆ ಕಥೆ ಹೇಳುತ್ತಿದ್ದುದು ಆಗ ನನಗೆ ನೆನಪಾಯಿತು, ಅವಳಿಗೆ ಹೇಳಲಿಲ್ಲ.

ಅರ್ಧಕ್ಕೆ ನಿಂತ ಹುಡುಗಿ

ಲಾಕ್‌ಡೌನ್‌ಗೆ ಮೊದಲು ಚಿಕ್ಕಮ್ಮ ಮತ್ತು ನಾನು ಒಂದು ಮಧ್ಯಾಹ್ನದ ಧಾರಾವಾಹಿಯನ್ನು ಹಿಡಿದಿದ್ದೆವು. ಅದರ ಹೆಸರು, ಚಾನೆಲ್ಲಿನ ಹೆಸರು ಇಲ್ಲಿ ಬೇಡ. ಗಂಡ ಬೇರೊಬ್ಬಳ ಜೊತೆ ಹೋದ ಮೇಲೆ ಆರು ವರ್ಷದ ಮಗಳನ್ನು ಕಟ್ಟಿಕೊಂಡು, ಅತ್ತೆಮನೆಯಲ್ಲೇ ಉಳಿದು, ಕಾಯಿಲೆಯ ಮಾವನನ್ನು ನೋಡಿಕೊಳ್ಳುವ ಹುಡುಗಿಯ ಕಥೆ. ಆಗ ನಾನು ಕೆಲಸದಲ್ಲಿದ್ದುದರಿಂದ ಚಿಕ್ಕಮ್ಮನೇ ನೋಡಿ ರಾತ್ರಿ ಫೋನಿನಲ್ಲಿ ಹೇಳುತ್ತಿದ್ದರು. ಕೊನೆಯದಾಗಿ ಬಂದ ಕಂತಿನಲ್ಲಿ ಗಂಡ ಹಿಂದಿರುಗಿ ಬಂದು ಗೇಟಿನ ಬಳಿ ನಿಂತಿದ್ದ, ಆ ಹುಡುಗಿ ಒಳಗಿನಿಂದ ಬಂದು ಚಿಲಕದ ಮೇಲೆ ಕೈಯಿಟ್ಟಿದ್ದಳು. ನಾಳೆ ನೋಡೋಣ ಎಂದು ಮಲಗಿದೆವು. ಮರುದಿನ ಅದು ಬರಲಿಲ್ಲ. ಚಿತ್ರೀಕರಣ ಮತ್ತೆ ಶುರುವಾದಾಗ ಹಲವು ಧಾರಾವಾಹಿಗಳು ಮರಳಿದವು, ಇದು ಮರಳಲಿಲ್ಲ. ಒಂದು ಸಾಲಿನ ವಿದಾಯವನ್ನಾದರೂ ಪರದೆಯ ಮೇಲೆ ಹಾಕಬಹುದಿತ್ತು, ಅದನ್ನೂ ಹಾಕಲಿಲ್ಲ. ಆ ಬೇಸರ ನನಗೆ ಈಗಲೂ ಇದೆ.

ಆ ಕಥೆಯನ್ನು ನಾವಿಬ್ಬರೂ ಬಿಟ್ಟಿಲ್ಲ. ಅವಳು ಚಿಲಕ ತೆಗೆದಳೇ ಎಂಬುದರ ಮೇಲೆ ನಮ್ಮಿಬ್ಬರ ನಡುವೆ ಇಷ್ಟು ವರ್ಷ ವಾದ ನಡೆದಿದೆ. ತೆಗೆಯಲಿಲ್ಲ, ಒಳಗೆ ಹೋಗಿ ಮಾವನಿಗೆ ಗಂಜಿ ಕುಡಿಸಿದಳು ಎಂಬುದು ನನ್ನ ಕಥೆ. ಚಿಕ್ಕಮ್ಮನದು ಬೇರೆ. ಮಗಳ ಮುಖ ನೋಡಿ ತೆಗೆದಳು, ಆದರೆ ಅವನಿಗೆ ಜಗಲಿಯಲ್ಲೇ ಊಟ ಹಾಕಿದಳು. ಟಿವಿ ಆರಿಸಿದ ಆ ಮಧ್ಯಾಹ್ನ, ಅವರೆಕಾಯಿಯ ಸಿಪ್ಪೆಯನ್ನು ಮೊರಕ್ಕೆ ಒಟ್ಟುತ್ತ ಚಿಕ್ಕಮ್ಮ ಇದ್ದಕ್ಕಿದ್ದಂತೆ, "ಅವ್ಳು ಚಿಲಕ ತೆಗೀನಿಲ್ಲ ಕಣವ್ವ. ನೀನು ಹೇಳಿದ್ದೇ ಸರಿ" ಎಂದರು. ಏಕೆ ಎಂದು ಕೇಳಿದೆ. ಕೈಗೆ ಅಂಟಿದ್ದ ಸೊಗಡನ್ನು ಸೆರಗಿಗೆ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ಯೋಚಿಸಿ, "ಆ ಮಗೀಗೆ ಈಗ ಹನ್ನೆರಡು ತುಂಬಿರ್ತದೆ. ಅದೇ ಬುಡಾಕಿಲ್ಲ" ಎಂದರು.